ಏಳನೇ ತರಗತಿಯ ಅಹವಾಲು ಸಭೆ

ನಮ್ಮ ಮನೆ ಇರುವ ಪುಂಗೋಲ್‌ನಲ್ಲಿ ರೈಲು ಹತ್ತಿ ಸೀಟು ಸಿಕ್ಕ ಮೇಲೆ ಫೋನ್ ತೆಗೆದೆ. ನಮ್ಮ ಕನ್ನಡದವರ ವಾಟ್ಸಾಪ್ ಗ್ರೂಪಿನಲ್ಲಿ ಯಾರೋ ಒಂದು ವಿಡಿಯೊ ಹಾಕಿದ್ದರು. ಅದರ ಮೇಲೆ ಹಲವು ಸಲ ಫಾರ್ವರ್ಡ್ ಆಗಿದೆ ಎನ್ನುವ ಗುರುತು. ಕೆಳಗೆ ಒಂದು ಸಾಲು: ‘ಎಂಥಾ ಸ್ಕೂಲಪ್ಪಾ ಇದು, ಮಕ್ಕಳಿಗೆ ಇದನ್ನೇನಾ ಹೇಳ್ಕೊಡೋದು?’

ಸದ್ದು ಅಡಗಿಸಿಯೇ ಒತ್ತಿದೆ. ಮೊದಲು ಕಂಡದ್ದು ಗೋಡೆಯ ಮೇಲಿನ ಭೂಪಟ. ಅದರ ಕೆಳಗಿನ ಒಂದು ಮೂಲೆ ಹರಿದಿತ್ತು, ಅದಕ್ಕೆ ಟೇಪ್ ಅಂಟಿಸಿದವಳು ನಾನೇ. ಭೂಪಟದ ಮುಂದೆ ನಿಂತು ಮಾತಾಡುತ್ತಿದ್ದವಳು ನನ್ನ ಏಳನೇ ತರಗತಿಯ ಹುಡುಗಿ. ಇಲ್ಲಿ ಅವಳನ್ನು ಅನು ಎಂದು ಕರೆಯುತ್ತೇನೆ. ಅವಳ ಮಾತನ್ನು ಯಾರೋ ಪರದೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದಿದ್ದರು: ‘ಅವರು ನಮ್ಮ ಕಟ್ಟಡ ಕಟ್ಟಲಿ, ಹೋಗಲಿ. ನಮ್ಮ ಪಾರ್ಕಿನಲ್ಲಿ ಕೂರುವುದು ಬೇಡ. ನಮ್ಮ ಮಕ್ಕಳ ಹತ್ತಿರ ಇರುವುದು ಬೇಡ.’ ಆಮೇಲೆ ಚಪ್ಪಾಳೆ ತಟ್ಟುವ ಕೈಗಳು. ಅಲ್ಲಿಗೆ ವಿಡಿಯೊ ಮುಗಿಯಿತು. ಹತ್ತು ಹದಿನೈದು ಸೆಕೆಂಡು ಇರಬಹುದು. ಅವಳ ಯೂನಿಫಾರ್ಮಿನ ಮೇಲೆ ಶಾಲೆಯ ಚಿಹ್ನೆ ಸ್ಪಷ್ಟವಾಗಿ ಕಾಣುತ್ತಿತ್ತು.

ಆ ವಿಡಿಯೊ ತೆಗೆದವಳು ನಾನು.

ನಾವು ಬಂದು ನೆಲೆಸಿರುವ ಈ ಹೊರದೇಶದ ಒಂದು ಇಂಟರ್‌ನ್ಯಾಷನಲ್ ಶಾಲೆಯಲ್ಲಿ ನಾನು ಸಮಾಜ ವಿಜ್ಞಾನ ಕಲಿಸುತ್ತೇನೆ. ನಮ್ಮ ಕಾಲದಲ್ಲಿ ಮೈಸೂರಿನ ಶಾಲೆಗಳಲ್ಲಿ ಸಮಾಜ ಎಂದರೆ ರಾಜರ ಹೆಸರು, ನದಿಗಳ ಹೆಸರು, ಬೆಳೆಗಳ ಹೆಸರು. ಇಲ್ಲಿ ಹನ್ನೆರಡು ಹದಿಮೂರು ವರ್ಷದ ಮಕ್ಕಳಿಗೆ ಕಲಿಸುವುದು ಬೇರೆ. ಒಂದು ಸಮಸ್ಯೆ ಕೊಡುತ್ತೇವೆ. ಪತ್ರಿಕೆಯ ತುಣುಕು, ನಕ್ಷೆ, ಸಂದರ್ಶನ ಕೊಡುತ್ತೇವೆ. ಯಾರು ಹೇಳಿದ್ದು, ಯಾಕೆ ಹೇಳಿದ್ದು, ಯಾವುದನ್ನು ನಂಬಬಹುದು ಎಂದು ಮಕ್ಕಳೇ ಜಾಲಾಡಬೇಕು.

ಆ ಸಲದ ಸಮಸ್ಯೆ ಒಂದು ಕಾಲ್ಪನಿಕ ಬಡಾವಣೆಯದು. ಮನೆಗಳ ಪಕ್ಕದ ಖಾಲಿ ಜಾಗದಲ್ಲಿ ವಿದೇಶಿ ಕಟ್ಟಡ ಕಾರ್ಮಿಕರಿಗೆ ಡಾರ್ಮಿಟರಿ ಕಟ್ಟಬೇಕೋ ಬೇಡವೋ? ತರಗತಿಯೇ ಅಹವಾಲು ಸಭೆ. ಚೀಟಿ ಎತ್ತಿ ಪಾತ್ರ ಹಂಚುತ್ತೇನೆ: ಕಾರ್ಮಿಕರ ಪರ ಮಾತಾಡುವವರು, ವಿರೋಧಿಸುವ ನಿವಾಸಿಗಳು, ಗುತ್ತಿಗೆದಾರರು, ನಿರ್ಧಾರ ಹೇಳುವ ಅಧಿಕಾರಿಗಳು. ಮೊದಲ ಸುತ್ತಿನಲ್ಲಿ ಎತ್ತಿದ ಚೀಟಿಯ ಪರ ಮಾತು. ಎರಡನೇ ಸುತ್ತಿನಲ್ಲಿ ಎಲ್ಲರೂ ಎದುರು ಬದಿಗೆ ಹೋಗಿ ತಾವೇ ಆಡಿದ ಮಾತಿಗೆ ತಾವೇ ಉತ್ತರ ಕೊಡಬೇಕು. ಈ ಎರಡನೇ ಸುತ್ತೇ ಪಾಠ. ಮೊದಲನೆಯದು ಅದಕ್ಕೆ ತಯಾರಿ ಅಷ್ಟೆ.

ಅನುವಿಗೆ ಬಂದದ್ದು ವಿರೋಧಿಸುವ ನಿವಾಸಿಯ ಚೀಟಿ. ಚೀಟಿಯಲ್ಲಿ ನಾನು ಕೊಟ್ಟದ್ದು ವಿಷಯಗಳನ್ನು ಮಾತ್ರ, ಮಾತು ಅವರದೇ ಆಗಿರಬೇಕು. ಅವಳು ಬಹಳ ಚೆನ್ನಾಗಿ ಮಾತಾಡಿದಳು, ಬೇಕಾದ್ದಕ್ಕಿಂತ ಚೆನ್ನಾಗಿ. ಉಳಿದ ಮಕ್ಕಳು ಚಪ್ಪಾಳೆ ತಟ್ಟಿದರು. ಆಮೇಲೆ ಕಾರ್ಮಿಕರ ಪರದ ಮಕ್ಕಳು ಉತ್ತರ ಕೊಟ್ಟರು. ಎರಡನೇ ಸುತ್ತು ಇನ್ನೂ ಬಾಕಿ ಇತ್ತು. ಮನೆಯವರು ನೋಡಲೆಂದು ಪೂರ್ತಿ ರೆಕಾರ್ಡಿಂಗನ್ನು ಎಂದಿನಂತೆ ಶಾಲೆಯ ಆ್ಯಪಿಗೆ ಹಾಕಿದೆ. ಅದನ್ನು ನೋಡಲು ಆ ತರಗತಿಯ ಪೋಷಕರಿಗೆ ಮಾತ್ರ ಅನುಮತಿ. ಅಂದರೆ ಕತ್ತರಿಸಿದವರು ಅವರಲ್ಲೇ ಒಬ್ಬರು.

ಶಾಲೆ ತಲುಪುವಷ್ಟರಲ್ಲಿ ಮುಖ್ಯಸ್ಥೆಯ ಮೂರು ಮೆಸೇಜು ಬಂದಿದ್ದವು. ಇವರು ನಮ್ಮ ಮಿಡ್ಲ್ ಸ್ಕೂಲನ್ನು ನೋಡಿಕೊಳ್ಳುವವರು, ಮಾತು ಕಡಿಮೆ, ಕೋಪ ಇನ್ನೂ ಕಡಿಮೆ. ಅವತ್ತು ಅವರ ಕೋಣೆಯ ಬಾಗಿಲು ಮುಚ್ಚಿತ್ತು. ಒಳಗೆ ಶಾಲೆಯ ಪ್ರಕಟಣೆ ನೋಡಿಕೊಳ್ಳುವ ಯುವಕ ಲ್ಯಾಪ್‌ಟಾಪ್ ತೆರೆದು ಕೂತಿದ್ದ. ನಮ್ಮ ಮಾತೆಲ್ಲ ಇಂಗ್ಲಿಷಿನಲ್ಲಿ.

‘ಯಾರಿಗೂ ರಿಪ್ಲೈ ಮಾಡಬೇಡಿ,’ ಎಂದರು ಮುಖ್ಯಸ್ಥೆ. ‘ಆ್ಯಪಿನಿಂದ ರೆಕಾರ್ಡಿಂಗ್ ತೆಗೆಸಿದ್ದೇನೆ. ಒಂದು ಕಾಪಿ ನನ್ನ ಹತ್ತಿರ ಮಾತ್ರ ಇದೆ. ಎರಡನೇ ಸುತ್ತು ಸದ್ಯಕ್ಕೆ ಬೇಡ.’

‘ಎರಡನೇ ಸುತ್ತು ಇಲ್ಲದಿದ್ದರೆ ಆ ವಿಡಿಯೊ ಹೇಳುವುದೇ ನಿಜ ಆಗಿಬಿಡುತ್ತದೆ,’ ಎಂದೆ.

‘ಈ ದೇಶದಲ್ಲಿ ಇಂಥ ವಿಷಯ ಎಲ್ಲಿಗೆ ಹೋಗಿ ಮುಟ್ಟುತ್ತದೆ ಅಂತ ನಿಮಗೆ ಗೊತ್ತು.’

ಗೊತ್ತಿತ್ತು. ಜನಾಂಗ, ಧರ್ಮ, ಹೊರಗಿನವರು ಎಂಬ ವಿಷಯಗಳಲ್ಲಿ ಇಲ್ಲಿ ಬಾಯಿ ಜಾರಿದರೆ ಮಾತು ಪೊಲೀಸರವರೆಗೆ ಹೋಗಬಹುದು. ಇಲ್ಲಿ ಇದ್ದು ದುಡಿಯಲು ಸರ್ಕಾರ ಕೊಡುವ ನನ್ನ ಕೆಲಸದ ಪಾಸು ನವೀಕರಣಕ್ಕೆ ಬಂದಿತ್ತು. ಅದಕ್ಕೆ ಅರ್ಜಿ ಹಾಕಬೇಕಾದದ್ದು ಇದೇ ಶಾಲೆ. ಗಂಡನಿಗೆ ಫೋನ್ ಮಾಡಿದೆ. ಅವರು ರಾಫಲ್ಸ್ ಪ್ಲೇಸಿನ ಬ್ಯಾಂಕೊಂದರಲ್ಲಿ ಕೆಲಸ ಮಾಡುತ್ತಾರೆ. ಮೀಟಿಂಗಿನಿಂದ ಎದ್ದು ಹೊರಗೆ ಬಂದು ಪಿಸುಗುಟ್ಟಿದರು.

‘ಸುಮ್ನಿರು. ಸ್ಕೂಲ್ ಏನ್ ಹೇಳುತ್ತೋ ಅದಕ್ಕೆ ಹೂಂ ಅನ್ನು. ಹೀರೋ ಆಗೋಕ್ ಹೋಗ್ಬೇಡ, ಪ್ಲೀಸ್.’

ಹೀರೋ ಆಗುವ ಯೋಚನೆ ನನಗಿರಲಿಲ್ಲ. ಆ ಇಡೀ ದಿನ ಬಾಗಿಲು ತೆರೆದ ಸದ್ದಾದರೂ ಸಾಕು, ತಿರುಗಿ ನೋಡುತ್ತಿದ್ದೆ. ಪಾಠ ಮಾಡುತ್ತ ಮಾಡುತ್ತ ವಾಕ್ಯದ ನಡುವೆ ನಿಂತುಬಿಡುತ್ತಿದ್ದೆ. ಈ ಮಾತನ್ನು ಕತ್ತರಿಸಿದರೆ ಏನು ಕೇಳಿಸುತ್ತದೆ ಎಂದು ಒಳಗೊಳಗೇ ಲೆಕ್ಕ ಹಾಕುತ್ತಿದ್ದೆ. ಅನು ಶಾಲೆಗೆ ಬಂದಿರಲಿಲ್ಲ.

ಮಧ್ಯಾಹ್ನ ಅವಳ ತಾಯಿ ಫೋನ್ ಮಾಡಿದರು. ಅವರೂ ಮೈಸೂರಿನ ಕಡೆಯವರು, ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ. ಗಂಡ ಪ್ರಾಜೆಕ್ಟ್ ಮೇಲೆ ಜಕಾರ್ತಕ್ಕೆ ಹೋಗಿದ್ದರು.

‘ಮ್ಯಾಮ್, ಯಾರೋ ನೆಟ್‌ನಲ್ಲಿ ಅವಳ ಫೋಟೊ ಹಾಕಿದಾರೆ. ನಮ್ಮ ಬ್ಲಾಕ್ ಕೆಳಗೆ, ಕಂಬಗಳ ನಡುವಿನ ವಾಯ್ಡ್ ಡೆಕ್ ಹತ್ರ, ಸ್ಕೂಲ್ ಬಸ್‌ಗೆ ಕಾಯ್ತಾ ನಿಂತಿರೋದು. ಇವಳೇನಾ ಅಂತ ಕೇಳಿದಾರೆ. ಕೆಳಗಡೆ ಒಬ್ಬ ಹೌದು ಅಂತ ಬರ್ದು ಬ್ಲಾಕ್ ನಂಬರೂ ಹಾಕಿದಾನೆ.’

ನಾನು ಖಾಲಿ ತರಗತಿಯೊಂದಕ್ಕೆ ಹೋಗಿ ಬಾಗಿಲು ಹಾಕಿಕೊಂಡೆ.

‘ಕನ್ನಡದವರು, ನಮ್ಮವರು ಅಂತ ನಾನು ನಿಮ್ಮನ್ನ ನಂಬಿದ್ದೆ,’ ಎಂದರು. ‘ಅವಳ ಬಾಯಲ್ಲಿ ಯಾಕೆ ಅದನ್ನ ಹೇಳಿಸಿದ್ರಿ?’

ಅನುಮತಿ ಕೇಳಿ ಶಾಲೆಯಿಂದ ಹೊರಟೆ. ಅವರ ಮನೆ ನಮ್ಮ ಮನೆಯಿಂದ ಎಲ್‌ಆರ್‌ಟಿ ಎಂಬ ಬಡಾವಣೆಯ ಪುಟ್ಟ ರೈಲಿನಲ್ಲಿ ಎರಡು ಮೂರು ನಿಲ್ದಾಣ ದೂರ. ಕಿಟಕಿಯ ಪರದೆಗಳನ್ನೆಲ್ಲ ಎಳೆದಿದ್ದರು. ಅನು ಸೋಫಾದ ಮೇಲೆ ಕಾಲು ಮಡಚಿ ಕೂತಿದ್ದಳು. ನನ್ನನ್ನು ನೋಡಿ ಎದ್ದು ನಿಂತಳು, ತರಗತಿಯಲ್ಲಿ ಏಳುವ ಹಾಗೆ.

ಪೊಲೀಸರಿಗೆ ದೂರು ಕೊಡುವುದೆಂದು ತಾಯಿ ಆಗಲೇ ನಿರ್ಧರಿಸಿದ್ದರು. ಜೊತೆಗೆ ಬರುತ್ತೀರಾ ಎಂದು ಕೇಳಿದರು. ಬರುತ್ತೇನೆ ಎಂದೆ.

ಠಾಣೆಯಲ್ಲಿ ನಮ್ಮ ಮೂವರ ಮುಂದೆ ಕೂತ ಅಧಿಕಾರಿಗೆ ವಯಸ್ಸು ಹೆಚ್ಚೇನೂ ಇರಲಿಲ್ಲ. ವಿಡಿಯೊವನ್ನು ಎರಡು ಸಲ ನೋಡಿದ. ಆಮೇಲೆ ನನ್ನ ಕಡೆ ತಿರುಗಿದ.

‘ಟೀಚರ್, ಇವಳು ಹೇಳಿದ್ದೋ, ಆ್ಯಕ್ಟ್ ಮಾಡಿದ್ದೋ?’

‘ಪಾತ್ರ. ಚೀಟಿ ಎತ್ತಿ ಕೊಟ್ಟದ್ದು.’

‘ಮಾತು ಬರೆದುಕೊಟ್ಟವರು ಯಾರು?’

ಪಕ್ಕದಲ್ಲಿ ಕೂತ ಅನು ತಲೆ ತಗ್ಗಿಸಿದಳು. ‘ವಿಷಯ ನಾನು ಕೊಟ್ಟದ್ದು. ಹಾಗೆ ಮಾತಾಡು ಅಂತ ಹೇಳಿದವಳೂ ನಾನೇ. ಮಾತು ಅವಳದೇ ಆಗಿರಬೇಕು ಅನ್ನುವುದು ಪಾಠದ ನಿಯಮ,’ ಎಂದೆ. ಅವನು ಟೈಪ್ ಮಾಡಿದ. ನನ್ನ ಹೆಸರು, ಪಾಸಿನ ವಿವರ ಕೇಳಿದ. ಕೀಲಿಮಣೆಯ ಸದ್ದು ನಿಲ್ಲುವುದೇ ಇಲ್ಲವೇನೋ ಎನಿಸಿತು. ಕೊನೆಗೆ ಅವನು ತಾಯಿಗೆ, ಫೋಟೊ ಹಾಕಿದವರನ್ನು ವಿಚಾರಿಸುತ್ತೇವೆ, ಸದ್ಯಕ್ಕೆ ಮಗುವನ್ನು ಒಬ್ಬಳೇ ಕೆಳಗೆ ಕಳಿಸಬೇಡಿ ಎಂದ. ನನ್ನ ವಿವರ ಯಾಕೆ ಬೇಕಾಯಿತೆಂದು ಹೇಳಲಿಲ್ಲ. ಹೇಳದೆ ಇದ್ದದ್ದೇ ನನ್ನನ್ನು ಹೆಚ್ಚು ಕಾಡಿತು.

ಮಾರನೆಯ ದಿನ ಶಾಲೆಯ ಪ್ರಕಟಣೆ ಸಿದ್ಧವಾಗಿತ್ತು. ಹೊರಗೆ ಹೋಗುವ ಮೊದಲು ಓದಿ ಎಂದು ಮುಖ್ಯಸ್ಥೆ ಲ್ಯಾಪ್‌ಟಾಪನ್ನು ನನ್ನ ಕಡೆ ತಿರುಗಿಸಿದರು. ಸಭ್ಯವಾದ ಬರಹ. ಶಾಲೆ ಎಲ್ಲ ಸಮುದಾಯಗಳನ್ನೂ ಗೌರವಿಸುತ್ತದೆ. ಈ ಪಾಠವನ್ನು ನಿಲ್ಲಿಸಲಾಗಿದೆ. ಸಂಬಂಧಪಟ್ಟ ವಿದ್ಯಾರ್ಥಿನಿಗೆ ಸೂಕ್ತ ತಿಳಿವಳಿಕೆ ನೀಡಲಾಗುವುದು.

ಕೊನೆಯ ವಾಕ್ಯವನ್ನು ಮತ್ತೆ ಓದಿದೆ. ಅದರಲ್ಲಿ ಸುಳ್ಳು ಎನ್ನುವಂಥ ಪದ ಒಂದೂ ಇಲ್ಲ. ಆದರೆ ಓದಿದವರಿಗೆ ಉಳಿಯುವುದು ಇಷ್ಟೇ: ತಪ್ಪು ಹುಡುಗಿಯದು.

‘ಈ ವಾಕ್ಯ ಬೇಡ,’ ಎಂದೆ.

‘ಜನ ಏನಾದರೂ ಕ್ರಮ ಕೈಗೊಂಡಿದ್ದೀರಾ ಅಂತ ಕೇಳುತ್ತಾರೆ.’

‘ಪಾತ್ರವನ್ನು ಟೀಚರ್ ಕೊಟ್ಟದ್ದು, ಹುಡುಗಿ ಕೊಟ್ಟ ಕೆಲಸ ಮಾಡಿದಳು ಅಂತ ಬರೆಯಿರಿ. ಕೆಳಗೆ ನನ್ನ ಹೆಸರು ಹಾಕಿ.’

ಪ್ರಕಟಣೆಯ ಯುವಕ ತಲೆ ಎತ್ತಿ ನೋಡಿದ. ಮುಖ್ಯಸ್ಥೆ ಲ್ಯಾಪ್‌ಟಾಪನ್ನು ಮತ್ತೆ ತಮ್ಮ ಕಡೆ ತಿರುಗಿಸಿಕೊಂಡರು. ‘ಹೆಸರು ಹಾಕಿದರೆ ಆಮೇಲೆ ನಾನು ನಿಮ್ಮನ್ನು ಉಳಿಸಿಕೊಳ್ಳುತ್ತೇನೆ ಅಂತ ಮಾತು ಕೊಡಲಾರೆ,’ ಎಂದರು. ಅದು ಬೆದರಿಕೆ ಅಲ್ಲ. ಅವರಿಗೂ ಭಯವಾಗಿತ್ತು.

ಧೈರ್ಯದಿಂದ ಹೇಳಿದೆ ಎಂದು ಬರೆದರೆ ತಪ್ಪಾಗುತ್ತದೆ. ಪರದೆ ಎಳೆದ ಆ ಮನೆಯಲ್ಲಿ ಎದ್ದು ನಿಂತಿದ್ದ ಹುಡುಗಿಯನ್ನು ನೋಡಿ ಬಂದ ಮೇಲೆ ಬೇರೆ ಮಾತು ಬಾಯಿಗೆ ಬರಲಿಲ್ಲ, ಅಷ್ಟೆ. ‘ಹಾಕಿ,’ ಎಂದೆ. ‘ಮತ್ತೆ, ಎರಡನೇ ಸುತ್ತು ನಡೆಸೋಣ. ಅದೇ ತರಗತಿ, ಮನೆಯವರೂ ಬರಲಿ. ಕ್ಯಾಮೆರಾ ಬೇಡ.’

ಅದಕ್ಕೆ ಒಪ್ಪಿಗೆ ಸುಲಭವಾಗಿ ಸಿಗಲಿಲ್ಲ. ಮೇಲಿನವರು ಎರಡು ಸಲ ಬೇಡವೆಂದರು. ಹೆಸರಿನೊಂದಿಗೆ ಪ್ರಕಟಣೆ ಹೊರಬಿದ್ದ ಮೇಲೆ ನನಗೆ ಬಂದ ಮೇಲ್‌ಗಳಲ್ಲಿ ಕೆಲವನ್ನು ಈಗಲೂ ನೆನೆಯಲಾರೆ. ‘ನಿನ್ನ ಊರಿಗೆ ವಾಪಸ್ ಹೋಗು’ ಎಂದು ಬರೆದವರೂ ಇದ್ದರು. ಕಾರ್ಮಿಕರ ಪರವಾಗಿ ಅವರು ಹಾಗೆ ಬರೆದಿದ್ದರು! ಮನೆಯಲ್ಲಿ ಗಂಡ ಎರಡು ದಿನ ಮಾತು ಬಿಟ್ಟರು. ಮೂರನೆಯ ದಿನ ತಟ್ಟೆ ಮುಂದಿಟ್ಟುಕೊಂಡು, ‘ಪಾಸ್ ಹೋದ್ರೆ ಹೋಗ್ಲಿ ಬಿಡು, ಊಟ ಮಾಡು’ ಎಂದರು. ಆದರೆ ಅವರೂ ಊಟ ಮಾಡಲಿಲ್ಲ.

ಕೊನೆಗೆ ಮುಖ್ಯಸ್ಥೆಯೇ ತಮ್ಮ ಜವಾಬ್ದಾರಿಯ ಮೇಲೆ ಒಪ್ಪಿಗೆ ತಂದರು. ಒಂದು ಶನಿವಾರ ಬೆಳಿಗ್ಗೆ ಸಭೆ. ಬಾಗಿಲಲ್ಲಿ ಬುಟ್ಟಿ ಇಟ್ಟು ಎಲ್ಲರ ಫೋನ್ ಅದರಲ್ಲಿ ಹಾಕಿಸಿದೆವು. ಮಕ್ಕಳು ಮುಂದೆ, ಅಪ್ಪ ಅಮ್ಮಂದಿರು ಹಿಂದೆ. ಅನು ಬರುತ್ತಾಳೋ ಇಲ್ಲವೋ ಎಂದು ನಾನು ಬಾಗಿಲನ್ನೇ ನೋಡುತ್ತಿದ್ದೆ. ಎಲ್ಲರಿಗಿಂತ ಕೊನೆಗೆ ಬಂದಳು, ತಾಯಿಯ ಕೈ ಹಿಡಿದು. ಏಳನೇ ತರಗತಿಯ ಮಕ್ಕಳು ಸಾಮಾನ್ಯವಾಗಿ ಯಾರೂ ನೋಡುವಾಗ ಅಮ್ಮನ ಕೈ ಹಿಡಿಯುವುದಿಲ್ಲ.

ಯಾರು ಯಾರ ಎದುರು ಬದಿ ಎಂದು ಪೋಷಕರಿಗೆ ವಿವರಿಸಿದೆ. ಒಬ್ಬೊಬ್ಬರೇ ಮಕ್ಕಳು ಎದ್ದು ಮಾತಾಡಿದರು. ಗುತ್ತಿಗೆದಾರನಾಗಿದ್ದ ಹುಡುಗ ಈಗ ನಿವಾಸಿ. ಕಾರ್ಮಿಕರ ಪರವಿದ್ದ ಹುಡುಗನೂ ಈಗ ನಿವಾಸಿ. ಹಿಂದಿನ ಸಾಲಿನಲ್ಲಿ ಕೆಲವರು ಕೈ ಕಟ್ಟಿಕೊಂಡು ಬಿಗಿಯಾಗಿ ಕೂತಿದ್ದರು. ಅನುವಿನ ಸರದಿ ಬಂತು. ಅವಳು ಈಗ ಕಾರ್ಮಿಕರ ಪರ.

ಎದ್ದಳು. ಕೈಯಲ್ಲಿ ಒಂದು ಹಾಳೆ. ಎರಡು ವಾಕ್ಯ ಓದಿ ನಿಲ್ಲಿಸಿದಳು.

‘ಮ್ಯಾಮ್, ಕ್ಯಾನ್ ಐ ಸೇ ಸಮ್‌ಥಿಂಗ್ ಎಲ್ಸ್?’ ಎಂದಳು. ಬೇಡ ಎನ್ನಬೇಕೋ ಹೂಂ ಎನ್ನಬೇಕೋ ತಿಳಿಯಲಿಲ್ಲ. ಹೇಳು ಎಂದು ತಲೆ ಆಡಿಸಿದೆ.

ಅವಳು ಇಂಗ್ಲಿಷಿನಲ್ಲಿ ಹೇಳಿದ್ದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ, ಇಲ್ಲಿನವರು ಮಾತಿನ ಕೊನೆಗೆ ಸೇರಿಸುವ ‘ಲಾ’ವನ್ನು ಹಾಗೇ ಬಿಟ್ಟು. ‘ಇದನ್ನು ನಾನು ನೋಡಿಕೊಂಡು ಓದಬೇಕು. ಅವತ್ತಿನದು ಹಾಗಲ್ಲ. ತಾನಾಗೇ ಬಂತು. ನಾನು ಹಾಗೆ ಅಂದ್ಕೊಂಡಿಲ್ಲ, ಪ್ರಾಮಿಸ್ ಲಾ. ಆದರೂ ಸುಲಭವಾಗಿ ಬಂತು. ಎಲ್ಲರೂ ಕ್ಲ್ಯಾಪ್ ಮಾಡಿದರು, ನನಗೆ ಖುಷಿಯಾಯಿತು. ಹೊರಗಿನವರು ಬೈದದ್ದಕ್ಕಿಂತ ನನಗೆ ಇದೇ ಭಯ.’

ಇಷ್ಟು ವರ್ಷ ಪಾಠ ಮಾಡಿದ್ದೇನೆ, ಈ ಮಾತನ್ನು ಮಕ್ಕಳಿಗೆ ಮನದಟ್ಟು ಮಾಡಿಸುವುದು ಹೇಗೆಂದು ನನಗೆ ಹೊಳೆದಿರಲಿಲ್ಲ. ಅವಳು ಅದನ್ನು ತಾನಾಗಿಯೇ ಕಂಡುಕೊಂಡಿದ್ದಳು. ಆದರೆ ಅದಕ್ಕೆ ಅವಳು ತೆತ್ತದ್ದನ್ನು ನೆನೆದು ನನಗೆ ಒಂದಿಷ್ಟೂ ಸಂತೋಷವಾಗಲಿಲ್ಲ.

ಆಗ ಹಿಂದಿನ ಸಾಲಿನಲ್ಲಿ ಒಬ್ಬರು ಎದ್ದು ನಿಂತರು. ಪಾಸಿರ್ ಪಂಜಾಂಗ್‌ನ ಹಡಗು ಕಂಪನಿಯೊಂದರಲ್ಲಿ ಇಂಜಿನಿಯರ್, ತಮಿಳು ಮನೆಮಾತಿನವರು. ಅವರ ಮಗಳು ಅನುವಿನ ಪಕ್ಕದಲ್ಲೇ ಕೂರುವ ಹುಡುಗಿ, ಮಾತು ಕಡಿಮೆ.

‘ಅದನ್ನು ಕಟ್ ಮಾಡಿ ಕಳಿಸಿದ್ದು ನಾನು,’ ಎಂದರು.

ತಂದೆಯ ಕಡೆ ತಿರುಗದೆ ಮಗಳು ಮೇಜಿನ ಮೇಲೆ ತಲೆ ಇಟ್ಟಳು.

‘ನನ್ನ ಅಪ್ಪ ಈ ಊರಿನ ಶಿಪ್‌ಯಾರ್ಡಿನಲ್ಲಿ ವೆಲ್ಡರ್ ಆಗಿದ್ದರು. ಇಂಥದ್ದೇ ಡಾರ್ಮಿಟರಿಯಲ್ಲಿ ಇದ್ದು ನನ್ನನ್ನು ಓದಿಸಿದರು. ಆ ಮಾತು ಕೇಳಿ ತಡೆಯಲಾಗಲಿಲ್ಲ. ನಾಲ್ಕೈದು ಜನ ಹಳೆಯ ಸ್ನೇಹಿತರಿಗೆ ಮಾತ್ರ ಕಳಿಸಿದೆ. ಇಷ್ಟು ದೂರ ಹೋಗುತ್ತದೆ ಅಂತ ಗೊತ್ತಿರಲಿಲ್ಲ. ಪೊಲೀಸರಿಗೆ ಹೇಳಬೇಕು ಅಂತ ದಿನಾ ಅಂದುಕೊಳ್ಳುತ್ತಿದ್ದೆ, ದಿನಾ ಹೆದರುತ್ತಿದ್ದೆ.’ ಅನುವಿನ ಕಡೆ ತಿರುಗಿದರು. ‘ನಾನು ನಿನ್ನ ಮುಖವನ್ನೇ ನೋಡಿರಲಿಲ್ಲ ಮಗೂ. ಬರೀ ಮಾತು ಕೇಳಿದ್ದೆ.’

ಅನುವಿನ ತಾಯಿ ಎದ್ದರು. ಕುರ್ಚಿ ಕಿರ್ರೆಂದಿತು. ಇನ್ನೇನು ಕೂಗಾಡುತ್ತಾರೆ ಎಂದು ನಾನು ಮುಂದೆ ಹೆಜ್ಜೆ ಇಟ್ಟೆ. ಅವರು ಕೂಗಲಿಲ್ಲ. ‘ಪೂರ್ತಿ ನೋಡಿದಿರಾ?’ ಎಂದು ಇಂಗ್ಲಿಷಿನಲ್ಲಿ ಕೇಳಿದರು.

‘ಇಲ್ಲ. ಮಗಳು ಮುಂದೆ ನೋಡಿ ಅಂದಳು. ನಾನು ಆಫ್ ಮಾಡಿಬಿಟ್ಟೆ.’

‘ನಾನೂ ನೋಡಿಲ್ಲ,’ ಎಂದರು ತಾಯಿ. ‘ನನಗೂ ಧೈರ್ಯ ಬರಲಿಲ್ಲ.’

ಉಳಿದ ಮನೆಯವರು ಹೋದ ಮೇಲೆ ಮುಖ್ಯಸ್ಥೆ ತಮ್ಮ ಲ್ಯಾಪ್‌ಟಾಪ್ ತಂದು ಮಕ್ಕಳ ಮೇಜಿನ ಮೇಲಿಟ್ಟರು. ಆ ಚಿಕ್ಕ ಕುರ್ಚಿಗಳಲ್ಲಿ ಅಕ್ಕಪಕ್ಕ ಕೂತು ಅನುವಿನ ತಾಯಿ, ಇಂಜಿನಿಯರ್ ಇಬ್ಬರೂ ನೋಡಿದರು. ನಾನು ಹಿಂದೆ ನಿಂತಿದ್ದೆ. ಅನು ಮಾತಾಡುವುದು, ಚಪ್ಪಾಳೆ, ಎಲ್ಲ ಬಂತು. ಅನುವಿನ ತಾಯಿ ಬಾಯಿಗೆ ಕೈ ಇಟ್ಟುಕೊಂಡರು. ಚಪ್ಪಾಳೆ ಇನ್ನೂ ನಿಂತಿರಲಿಲ್ಲ, ಪಕ್ಕದಿಂದ ಒಬ್ಬ ಹುಡುಗಿ ಎದ್ದು ನಿಂತಳು. ಇಂಜಿನಿಯರ್ ಅವರದೇ ಮಗಳು.

‘ನನ್ನ ತಾತ ಇಂಥ ಕಡೆ ಇದ್ದರು,’ ಎಂದಳು ರೆಕಾರ್ಡಿಂಗಿನಲ್ಲಿ, ಕೇಳಿಸಿಯೂ ಕೇಳಿಸದ ಧ್ವನಿಯಲ್ಲಿ. ‘ಭಾನುವಾರ ಪಾರ್ಕಿನಲ್ಲಿ ಕೂತು ಮನೆಗೆ ಫೋನ್ ಮಾಡುತ್ತಿದ್ದರು. ಅವರಿಗೆ ಕೂರಲು ಬೇರೆ ಜಾಗ ಇರಲಿಲ್ಲ. ನೀವು ಪಾರ್ಕ್ ಬೇಡ ಅಂದರೆ ಅವರು ಎಲ್ಲಿ ಕೂರಬೇಕು?’ ಅದಕ್ಕೆ ಅನು, ‘ನನ್ನ ಹತ್ತಿರ ಉತ್ತರ ಇಲ್ಲ’ ಎಂದು ಕೂತಳು.

ಇಂಜಿನಿಯರ್ ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡರು. ‘ಇವಳಿಗೆ ನನ್ನ ಅಪ್ಪನ ವಿಷಯ ನಾನು ಯಾವತ್ತೂ ಹೇಳಿರಲಿಲ್ಲ,’ ಎಂದರು. ‘ಅಜ್ಜಿಯನ್ನು ಕೇಳಿ ತಿಳಿದುಕೊಂಡಿರಬೇಕು.’

ಪೂರ್ತಿ ವಿಡಿಯೊವನ್ನು ಎಲ್ಲರಿಗೂ ಕಳಿಸಿಬಿಡೋಣ, ಆಗ ಎಲ್ಲ ಸರಿಹೋಗುತ್ತದೆ ಎಂದರು. ಅನುವಿನ ತಾಯಿ, ‘ಬೇಡ. ನನ್ನ ಮಗಳ ಮುಖ ಇನ್ನು ಯಾರ ಫೋನಿಗೂ ಹೋಗಬಾರದು,’ ಎಂದರು. ಅದು ಸರಿ ಎಂದು ನನಗೂ ಅನಿಸಿತು. ಇಂಜಿನಿಯರ್ ಆ ಮಧ್ಯಾಹ್ನವೇ ಮುಖ್ಯಸ್ಥೆಯ ಜೊತೆ ಠಾಣೆಗೆ ಹೋಗಿ ಹೇಳಿಕೆ ಕೊಟ್ಟರು. ಸ್ನೇಹಿತರಿಗೆ ಒಬ್ಬೊಬ್ಬರಿಗೂ ಫೋನ್ ಮಾಡಿ ಅಳಿಸಲು ಹೇಳಿದರು. ಪೊಲೀಸರು ಎಚ್ಚರಿಕೆ ಕೊಟ್ಟು ಬಿಟ್ಟರೆಂದು ಆಮೇಲೆ ತಿಳಿಯಿತು. ವಾಯ್ಡ್ ಡೆಕ್‌ನಲ್ಲಿ ಫೋಟೊ ತೆಗೆದದ್ದು ಯಾರೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ಆ ತುಣುಕು ಈಗಲೂ ಎಲ್ಲೋ ಒಂದು ಕಡೆ ಇರುತ್ತದೆ. ನನ್ನ ಪಾಸು ನವೀಕರಣವಾಯಿತು, ಬಹಳ ತಡವಾಗಿ. ಕಾರಣ ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಆ ಶನಿವಾರ ಅನು, ಅವಳ ತಾಯಿ, ನಾನು ಮೂವರೂ ಒಟ್ಟಿಗೆ ಪುಂಗೋಲ್‌ಗೆ ಮರಳಿದೆವು. ಎಲ್‌ಆರ್‌ಟಿ ಖಾಲಿ ಇತ್ತು. ಕಟ್ಟಡಗಳ ನಡುವೆ ಒಂದು ಖಾಲಿ ಜಾಗ ಕಂಡಾಗ ಅನು ಅಮ್ಮನ ಕಡೆ ತಿರುಗಿದಳು.

‘ಅಮ್ಮಾ, ನಿಜವಾಗ್ಲೂ ಇಲ್ಲೇ ಕಟ್ಟಿದ್ರೆ? ನೀನ್ ಓಕೆ ಅಂತೀಯಾ?’

ಅವರು ಕಿಟಕಿಯಾಚೆ ಆ ಜಾಗವನ್ನು ನೋಡಿದರು. ‘ಮೊದ್ಲು ಭಯ ಆಗತ್ತೆ ಕಣೆ,’ ಎಂದರು. ‘ಆಮೇಲೇನೋ ಗೊತ್ತಿಲ್ಲ.’

‘ದಟ್ಸ್ ನಾಟ್ ಆ್ಯನ್ ಆನ್ಸರ್ ಲಾ.’

‘ಸುಳ್ಳು ಹೇಳ್ಲಾ ಮತ್ತೆ?’

ಅನು ನನ್ನ ಕಡೆ ತಿರುಗಿದಳು. ‘ಮ್ಯಾಮ್, ನೀವು?’

ತರಗತಿಯಲ್ಲಿ ಟೀಚರು ತನ್ನ ಅಭಿಪ್ರಾಯ ಹೇಳಬಾರದು, ಹೇಳಿದರೆ ಮಕ್ಕಳು ಅದನ್ನೇ ಒಪ್ಪಿಸುತ್ತಾರೆ. ಆದರೆ ಇದು ತರಗತಿ ಅಲ್ಲ. ಅವಳು ನನ್ನನ್ನೇ ನೋಡುತ್ತಿದ್ದಳು, ಅವಳ ಅಮ್ಮನೂ.

‘ಕಟ್ಟಲಿ ಅಂತೀನಿ,’ ಎಂದೆ. ‘ಆದರೆ ಪಕ್ಕದ ಮನೆಯವರ ಮುಂದೆ ಎದ್ದು ನಿಂತು ಇದನ್ನ ಹೇಳೋ ಧೈರ್ಯ ನನಗೆ ಇದೆಯೋ ಇಲ್ಲವೋ ಗೊತ್ತಿಲ್ಲ.’

‘ಓಕೆ,’ ಎಂದಳು. ‘ಇಬ್ರೂ ಭಯ ಅಂತಾನೇ ಹೇಳಿದ್ರಿ.’

ಅವರ ನಿಲ್ದಾಣ ಬಂತು. ಇಳಿಯುವಾಗ ಅವಳು ಅಮ್ಮನ ಕೈ ಹಿಡಿಯಲಿಲ್ಲ. ಮುಂದೆ ಮುಂದೆ ನಡೆದು ಮೆಟ್ಟಿಲುಗಳ ಮೇಲ್ತುದಿಯಲ್ಲಿ ನಿಂತಳು. ಕೆಳಗೆ ಯಾರಾದರೂ ಇದ್ದಾರೆಯೇ ಎಂದು ಬಗ್ಗಿ ನೋಡಿ, ಆಮೇಲೆ ಇಳಿದಳು.